ಏಳನೇ ಹಾದಿ, ಹೊಂಗೆಮರದ ಕಣ

ಆ ಊರಿನಲ್ಲಿ ಪ್ರತಿ ಮನೆಯೂ ಎರಡು ಕಡೆ ಇತ್ತು.

ಒಂದು, ಓಲೆಯವರು ಮಾಡಿದ ಹಾದಿ. ಓಲೆಯವರು ಬೆಳಿಗ್ಗೆ ಊರಿಗೆ ಬಂದ ಓಲೆಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಡುತ್ತಿದ್ದರು. ಕಾಲಿಗೆ ಹಿತವಾದ ಕಡೆ ಹಾಯ್ದು, ಕಷ್ಟವಾದ ಕಡೆಯನ್ನು ಬಳಸಿ, ಚೀಲ ಬರಿದಾಗುವ ತನಕ ನಡೆಯುತ್ತಿದ್ದರು. ಒಬ್ಬನ ಒಂದು ನಡಿಗೆಗೆ ಸಿಕ್ಕಿದ ಬಾಗಿಲುಗಳೆಲ್ಲ ಸೇರಿ ಒಂದು ಹಾದಿ. ಮೊದಲನೇ ಹಾದಿ, ನಾಲ್ಕನೇ ಹಾದಿ, ಏಳನೇ ಹಾದಿ. ಬಾಗಿಲಿಲ್ಲದ ಬಯಲು ಯಾವ ಹಾದಿಗೂ ಸೇರಿರಲಿಲ್ಲ. ಬಟ್ಟೆಗೆ ಬಣ್ಣ ಹಾಕುವ ನೀಲಿಮನೆಗೆ ದಿನಕ್ಕೊಂದು ಚೀಲ ಓಲೆ ಬರುತ್ತಿದ್ದುದರಿಂದ ಅದೊಂದೇ ಕಟ್ಟಡ ಒಂದು ಹಾದಿಯಾಗಿತ್ತು. ಸೇತುವೆ ಮುರಿದರೆ ಹಾದಿ ತಿರುಗುತ್ತಿತ್ತು. ಓಲೆಯವನಿಗೆ ವಯಸ್ಸಾದರೆ ಹಾದಿ ಕುಗ್ಗುತ್ತಿತ್ತು.

ಇನ್ನೊಂದು, ಎಣಿಸುವವನು ಮಾಡಿದ ಕಣ. ಎಣಿಸುವವನು ಸುಣ್ಣದ ಬುಟ್ಟಿ ಹಿಡಿದು ನೆಲದ ಮೇಲೆ ಗೆರೆ ಎಳೆಯುತ್ತಿದ್ದ. ಗೆರೆ ಹೋಗಿ ಹೋಗಿ ಹೊರಟಲ್ಲಿಗೇ ಬಂದು ಕೂಡಿಕೊಂಡರೆ ಅದು ಕಣ. ಅದರೊಳಗೆ ಮನೆಯೂ ಬಂತು, ಬಯಲೂ ಬಂತು, ಬಾವಿಯೂ ಬಂತು, ಗುಡಿಸಲಿನಲ್ಲಿ ಮಲಗಿದ ಬಾಣಂತಿಯೂ ಬಂದಳು. ಗೆರೆಯ ಹೊರಗೆ ಯಾವುದೂ ಉಳಿಯುತ್ತಿರಲಿಲ್ಲ, ಯಾಕೆಂದರೆ ಅಲ್ಲಿಂದ ಮುಂದಿನ ಕಣ ಶುರುವಾಗುತ್ತಿತ್ತು. ಹಲವು ವರ್ಷಕ್ಕೊಮ್ಮೆ, ಮುತ್ತುಗ ಹೂ ಬಿಟ್ಟ ಕಾಲದಲ್ಲಿ, ದೊಡ್ಡ ಎಣಿಕೆ ಆಗುತ್ತಿತ್ತು. ಒಂದು ಎಣಿಕೆಗೆ ಎಳೆದ ಗೆರೆ ಇನ್ನೊಂದು ಎಣಿಕೆ ಬರುವ ತನಕ ಅಲ್ಲಾಡುತ್ತಿರಲಿಲ್ಲ.

ಜನರಿಗೆ ನೆನಪಿದ್ದದ್ದು ಹಾದಿಯೊಂದೇ. ಹೆಣ್ಣು ಕೇಳಲು ಬಂದವರು, ಸಾಲ ಕೊಡುವವರು, ದಾರಿ ತಪ್ಪಿದ ನೆಂಟರು, ಎಲ್ಲರೂ ಕೇಳುತ್ತಿದ್ದದ್ದು ಯಾವ ಹಾದಿಯವರು ಅಂತ. ಕಣದ ಹೆಸರು ಎಣಿಸುವವನಿಗೆ ಮಾತ್ರ ಗೊತ್ತಿತ್ತು. ಸುಣ್ಣ ಮಳೆಗೆ ತೊಳೆದು ಹೋಗುತ್ತಿತ್ತು. ಗೆರೆ ಅವನ ತಲೆಯಲ್ಲಿ ಉಳಿಯುತ್ತಿತ್ತು.

ಆ ಊರಿಗೆ ಒಂದು ನಿಯಮವಿತ್ತು. ಪ್ರತಿ ಮನೆಯ ಬಾಗಿಲಿಗೂ ಒಂದು ಗಂಟೆ. ಮನೆಗೆ ದುಃಖ ಬಂದರೆ ಮನೆಯಾಕೆ ಆ ಗಂಟೆಯ ನಾಲಿಗೆ ಕಳಚಿ ಒಳಗಿಡಬೇಕು. ಒಂದು ಜಾಗದ ಅರ್ಧಕ್ಕಿಂತ ಹೆಚ್ಚು ಗಂಟೆಗಳು ಹಾಗೆ ಸುಮ್ಮನಾದರೆ, ಆ ಜಾಗಕ್ಕೆ ದುಃಖ ಬಂದಿದೆ ಎಂದು ಊರು ಒಪ್ಪುತ್ತಿತ್ತು. ಆಗ ಊರಿನ ಎಲ್ಲ ಕೆಲಸ ನಿಲ್ಲಬೇಕು. ಅನ್ನ ಬೇಯಿಸುವ ಒಲೆ ಬಿಟ್ಟು ಬೇರೆ ಬೆಂಕಿ ಉರಿಯುವಂತಿಲ್ಲ. ದುಃಖದ ಬೇರು ಸಿಗುವ ತನಕ ಎಲ್ಲರೂ ಸೇರಿ ಹುಡುಕಬೇಕು. ಅರ್ಧಕ್ಕಿಂತ ಕಡಿಮೆಯಾದರೆ ಅದು ದುಃಖವಲ್ಲ, ಆಯಾ ಮನೆಯ ಸ್ವಂತ ವಿಷಯ. ಜಾಗ ಯಾವುದು ಎನ್ನುವುದನ್ನು ದುಃಖ ತಂದವರೇ ಹಿರಿಯನ ಕಟ್ಟೆಯ ಮುಂದೆ ಬಾಯಿಬಿಟ್ಟು ಹೇಳಬೇಕು. ಜಾಗ ಎಂದರೆ ಏನು ಎಂದು ಮಾತ್ರ ನಿಯಮ ಮಾಡಿದವರು ಹೇಳಿರಲಿಲ್ಲ. ಹೇಳಬೇಕೆಂದು ಅವರಿಗೆ ಹೊಳೆದಿರಲಿಕ್ಕಿಲ್ಲ.

ಆ ಊರಿನ ತಗ್ಗಿನ ಓಣಿಯಲ್ಲಿ, ಏಳನೇ ಹಾದಿಯಲ್ಲಿ, ನೂಲುವವಳು ಇದ್ದಳು. ಗಂಡ ತೀರಿಕೊಂಡಿದ್ದ. ಒಬ್ಬಳು ಮಗಳು. ಊರಿಗೆಲ್ಲ ಎಣಿಸುವವನಾಗಿದ್ದವನು ನೂಲುವವಳಿಗೆ ಒಡಹುಟ್ಟಿದ ಅಣ್ಣ. ತಾಯಿ ಇಲ್ಲದ ತಂಗಿಯನ್ನು ಅವನೇ ತಲೆ ಬಾಚಿ, ತುತ್ತು ಕೊಟ್ಟು ಬೆಳೆಸಿದ್ದ. ಗೆರೆ ಎಳೆಯಲು ಹೋಗುವಾಗ ಅವಳನ್ನೂ ಕರೆದುಕೊಂಡು ಹೋಗುತ್ತಿದ್ದ. ಅವಳು ಚಿಕ್ಕ ಬುಟ್ಟಿಯಲ್ಲಿ ಸುಣ್ಣ ಹೊತ್ತು ಹಿಂದೆ ಹಿಂದೆ ನಡೆಯುತ್ತಿದ್ದಳು. ಸಂಜೆ ಇಬ್ಬರೂ ಮೊಣಕಾಲಿನ ತನಕ ಬೆಳ್ಳಗಾಗಿ ಮನೆಗೆ ಬಂದರೆ, ಅಣ್ಣ ಮೊದಲು ಅವಳ ಕಾಲು ತೊಳೆದು ಆಮೇಲೆ ತನ್ನದನ್ನು ತೊಳೆದುಕೊಳ್ಳುತ್ತಿದ್ದ. ನೂಲುವವಳಿಗೆ ಲೋಕದಲ್ಲಿ ಸುಳ್ಳು ಹೇಳದವರು ಇಬ್ಬರಿದ್ದರು. ಒಬ್ಬ ಅಣ್ಣ, ಇನ್ನೊಬ್ಬಳು ಇನ್ನೂ ಸುಳ್ಳು ಕಲಿಯದ ಮಗಳು.

ಒಂದು ವರ್ಷ ಆ ಓಣಿಯ ಮಕ್ಕಳ ದನಿ ಹೋಗತೊಡಗಿತು.

ಮೊದಲು ಹಾಡು ಹೋಗುತ್ತಿತ್ತು. ಹಾಡುತ್ತಿದ್ದ ಮಗು ನಡುವೆ ನಿಲ್ಲಿಸಿ, ಮುಂದಿನ ಸಾಲು ಎಲ್ಲಿಟ್ಟೆ ಅನ್ನುವ ಹಾಗೆ ಸುತ್ತ ನೋಡುತ್ತಿತ್ತು. ಆಮೇಲೆ ಮಾತು ಹೋಗುತ್ತಿತ್ತು. ಕೊನೆಗೆ ಅಳುವಿನ ಸದ್ದು. ಕಣ್ಣೀರು ಮಾತ್ರ ಬರುತ್ತಿತ್ತು. ಜ್ವರವಿಲ್ಲ, ನೋವಿಲ್ಲ. ಮಕ್ಕಳು ಉಣ್ಣುತ್ತಿದ್ದವು, ಓಡುತ್ತಿದ್ದವು, ಬಿದ್ದು ಮಂಡಿ ತರಚಿಕೊಂಡು ಬಾಯಿ ತೆರೆಯುತ್ತಿದ್ದವು. ಆ ತೆರೆದ ಬಾಯಿಯಿಂದ ಏನೂ ಬರುತ್ತಿರಲಿಲ್ಲ.

ಒಂದೊಂದಾಗಿ ಓಣಿಯ ಗಂಟೆಗಳು ಸುಮ್ಮನಾದವು.

ಆ ದಿನಗಳಲ್ಲಿ ಎಣಿಸುವವನು ತಂಗಿಯ ಮನೆಗೆ ಬಂದಾಗಲೆಲ್ಲ ಸೊಸೆಗೆಂದು ಎಳನೀರು ತರುತ್ತಿದ್ದ. ತಾನೇ ಕೆತ್ತಿ, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕುಡಿಸುತ್ತಿದ್ದ. ತಾನೂ ಒಂದು ಕುಡಿಯುತ್ತಿದ್ದ. ತಂಗಿ ತಂಬಿಗೆಯಲ್ಲಿ ನೀರು ತಂದರೆ "ಇರಲಿ ಬಿಡು, ಹೊಟ್ಟೆ ತುಂಬಿತು" ಅನ್ನುತ್ತಿದ್ದ. ಇಂಥ ಅಣ್ಣ ಯಾರಿಗಿದ್ದಾನೆ ಎಂದು ನೂಲುವವಳು ಅಕ್ಕಪಕ್ಕದವರೊಡನೆ ಹೇಳಿಕೊಳ್ಳುತ್ತಿದ್ದಳು.

ಆದರೆ ಅವನು ದಿನವೂ ಬರುತ್ತಿರಲಿಲ್ಲ. ಮಗುವಿಗೆ ದಿನವೂ ಬಾಯಾರುತ್ತಿತ್ತು.

ಒಂದು ಬೆಳಿಗ್ಗೆ ನೂಲುವವಳ ಮಗಳು ಕದಿರಿನ ಸದ್ದಿಗೆ ತಾಳ ಹಾಕುತ್ತ ಹಾಡುತ್ತಿದ್ದವಳು ನಿಂತಳು. ಸುತ್ತ ನೋಡಿದಳು. ಅಮ್ಮನ ಮುಖ ನೋಡಿದಳು. ನೂಲುವವಳ ಕೈಯಲ್ಲಿ ಎಳೆ ತುಂಡಾಯಿತು. ಮುತ್ತುಗದ ಎಲೆ ಉದುರಿ ಮುಗಿಯುವಷ್ಟರಲ್ಲಿ ಆ ಮನೆಯಲ್ಲಿ ಕದಿರಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಅವಳು ಮಣೆಯ ಮೇಲೆ ಹತ್ತಿ ನಿಂತು ಗಂಟೆಯ ನಾಲಿಗೆ ಕಳಚಿದಳು. ಮಗಳು ಕೈ ಚಾಚಿ ಅದನ್ನು ಇಸಿದುಕೊಂಡು ಆಟಕ್ಕೆ ಇಟ್ಟುಕೊಂಡಳು.

ಓಣಿಯ ಹೆಂಗಸರು ಬಂದು ಜಗುಲಿಯಲ್ಲಿ ಕೂತರು. ಅವರಲ್ಲಿ ಹಿರಿಯಳು ರೊಟ್ಟಿ ಮಾರುವವಳು. ಅವಳ ಮೂರು ಮೊಮ್ಮಕ್ಕಳಿಗೂ ದನಿ ಇರಲಿಲ್ಲ.

"ಕಟ್ಟೆಗೆ ಹೋಗೋಣ ಕಣವ್ವ," ಎಂದಳು ರೊಟ್ಟಿಯವಳು. "ಆದ್ರೆ ನಮ್ಮ ಮಾತು ಯಾರು ಕೇಳ್ತಾರೆ?"

"ಮಾತು ಬೇಡ. ಲೆಕ್ಕ ಸಾಕು," ಎಂದಳು ನೂಲುವವಳು. "ಎಣಿಸೋನು ನನ್ನಣ್ಣ. ಅವನು ಒಂದು ಗಂಟೆ ಬಿಟ್ಟು ಎಣಿಸೋನಲ್ಲ."

"ನೀನು ಹೇಳಿದ ಮೇಲೆ ಆಯ್ತು."

ಹೀಗೆ ಅವರೆಲ್ಲ ನಂಬಿದ್ದು ಎಣಿಸುವವನನ್ನಲ್ಲ, ಅವಳನ್ನು.

ಅವಳು ಅಣ್ಣನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಅವನು ತಲೆ ತಗ್ಗಿಸಿ ಕೇಳಿದ. ಕೊನೆಗೆ ಅವಳ ತಲೆಯ ಮೇಲೆ ಕೈಯಿಟ್ಟ.

"ಕಟ್ಟೆಯಲ್ಲಿ ಯಾವ ಜಾಗ ಅಂತ ಕೇಳ್ತಾರೆ. ಗಾಬರಿಯಾಗಬೇಡ. ಎಲ್ಲರೂ ಹೇಳೋ ಹಾಗೆ ಏಳನೇ ಹಾದಿ ಅನ್ನು. ಉಳಿದದ್ದು ನಂಗೆ ಬಿಡು."

"ಅಷ್ಟೇ ಸಾಕಾ ಅಣ್ಣ?"

"ಅಷ್ಟೇ ಸಾಕು."

ಹಿರಿಯನ ಕಟ್ಟೆಗೆ ಊರು ಸೇರಿತು. ಹಿರಿಯನ ಪಂಚೆಯ ಅಂಚು ನೀಲಿ, ಅವನ ಹಿಂದೆ ಕೂತವರ ರುಮಾಲು ನೀಲಿ. ಊರಿಗೆ ಅನ್ನ ಹಾಕುತ್ತಿದ್ದದ್ದು ನೀಲಿಮನೆ. ನೂಲುವವಳ ನೂಲೂ ಕೊನೆಗೆ ಹೋಗಿ ಬೀಳುತ್ತಿದ್ದದ್ದು ಅದರ ಬಣ್ಣದ ಗುಂಡಿಗಳಿಗೇ. ಆ ಗುಂಡಿಗಳು ತಗ್ಗಿನ ಓಣಿಯ ನೆತ್ತಿಯ ಮೇಲಿದ್ದವು.

"ದುಃಖ ತಂದವಳು ನೀನೇನಮ್ಮ?" ಎಂದ ಹಿರಿಯ.

"ಹೌದು ಸ್ವಾಮಿ."

"ಯಾವ ಜಾಗದ್ದು?"

ಅವಳು ಅಣ್ಣನ ಕಡೆ ನೋಡಿದಳು. ಅವನು ಮೆಲ್ಲಗೆ ತಲೆಯಾಡಿಸಿದ.

"ಏಳನೇ ಹಾದಿಯದು," ಎಂದಳು.

"ಇನ್ನೊಂದು ಸಲ ಹೇಳು. ಎಲ್ಲರಿಗೂ ಕೇಳಲಿ."

"ಏಳನೇ ಹಾದಿಯದು."

ಎಣಿಸುವವನು ಹೊರಟ. ಕಟ್ಟೆಯಲ್ಲಿದ್ದವರು ಬಿಸಿಲಿನಲ್ಲಿ ಕಾದರು. ಏಳನೇ ಹಾದಿಯ ಪ್ರತಿ ಬಾಗಿಲಿನಲ್ಲೂ ಅವನು ನಿಂತ, ಗಂಟೆಯ ಹಗ್ಗ ಎಳೆದ, ಕಿವಿಗೊಟ್ಟು ಕೇಳಿದ. ಸಂಜೆ ಬಂದು ಬೆವರು ಒರೆಸಿಕೊಂಡು ಹೇಳಿದ:

"ಏಳನೇ ಹಾದಿಯಲ್ಲಿ ಸುಮ್ಮನಿರೋ ಗಂಟೆ ಕಾಲು ಭಾಗವೂ ಇಲ್ಲ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ತಮ್ಮ ಓಣಿಯಲ್ಲಿ ಗಂಟೆಯ ಸದ್ದು ಕೇಳಿ ತಿಂಗಳುಗಳಾಗಿದ್ದವು.

"ಹಾಗಾದರೆ ಇದು ಜಾಗದ ದುಃಖ ಅಲ್ಲ," ಎಂದ ಹಿರಿಯ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಕನಿಕರವೇ ಇತ್ತು. "ನಿಮ್ಮ ನಿಮ್ಮ ಮನೆ ವಿಷಯ. ದೇವರು ನೋಡಿಕೊಳ್ತಾನೆ. ಹೋಗಿ ಬನ್ನಿ."

ದಾರಿಯಲ್ಲಿ ರೊಟ್ಟಿಯವಳು ನೂಲುವವಳ ಜೊತೆ ನಡೆಯಲಿಲ್ಲ. ಮುಂದೆ ಹೋಗಿಬಿಟ್ಟಳು. ಅವಳ ಹಿಂದೆ ಉಳಿದವರೂ.

ನೂಲುವವಳು ಆ ವಾರ ನೂಲಲಿಲ್ಲ. ಕಾಲು ಭಾಗ ಎನ್ನುವ ಮಾತು ತಲೆಯೊಳಗೆ ತಿರುಗುತ್ತಿತ್ತು. ಅಣ್ಣ ಸುಳ್ಳು ಹೇಳುವವನಲ್ಲ. ಓಣಿಯೂ ಸುಳ್ಳು ಹೇಳುತ್ತಿರಲಿಲ್ಲ. ಹಾಗಾದರೆ ಸದ್ದು ಮಾಡುವ ಆ ಉಳಿದ ಗಂಟೆಗಳು ಎಲ್ಲಿವೆ? ಒಂದು ಬೆಳಿಗ್ಗೆ ಓಲೆಯವನು ಓಣಿಗೆ ಬಂದಾಗ ಅವಳು ಮಗಳನ್ನು ಸೊಂಟಕ್ಕೆ ಕೂರಿಸಿಕೊಂಡು ಅವನ ಹಿಂದೆ ಹೊರಟಳು.

"ಎಲ್ಲಿಗಮ್ಮ?"

"ನೀವು ಹೋಗೋ ಕಡೆಗೆ. ಏಳನೇ ಹಾದಿ ಎಲ್ಲಿ ಮುಗಿಯುತ್ತೆ ಅಂತ ನೋಡಬೇಕು."

ಅವನು ಬೇಡ ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ. ತಗ್ಗಿನ ಓಣಿ ದಾಟಿದ. ಅವಳು ಅಲ್ಲಿಗೆ ಮುಗಿಯಿತು ಅಂದುಕೊಂಡಳು. ಅವನು ಮೆಟ್ಟಿಲು ಹತ್ತತೊಡಗಿದ. ಗುಡ್ಡ ಹತ್ತಿದ. ಗುಡ್ಡದ ಮೇಲೆ ಬೀದಿಗಳು, ಬೀದಿಗಳ ತುಂಬ ಮನೆಗಳು. ಪ್ರತಿ ಬಾಗಿಲಿನಲ್ಲೂ ಅವನು ಹಗ್ಗ ಎಳೆದ. ಪ್ರತಿ ಬಾಗಿಲಿನಲ್ಲೂ ಗಂಟೆ ಮೊಳಗಿತು. ಸದ್ದಿಗೆ ಮಕ್ಕಳು ಕೂಗುತ್ತ ಓಡಿ ಬಂದರು. ನೂಲುವವಳ ಮಗಳು ಬಾಯಿ ಬಿಟ್ಟುಕೊಂಡು ಆ ಮಕ್ಕಳ ಬಾಯಿಯನ್ನೇ ನೋಡಿದಳು. ಗುಡ್ಡದ ನೆತ್ತಿಯಲ್ಲಿ ಬಂಡೆಯ ಸಂದಿನಿಂದ ಒಂದು ಚಿಲುಮೆ ಹರಿಯುತ್ತಿತ್ತು. ಮೇಲಿನವರೆಲ್ಲ ಕುಡಿಯುತ್ತಿದ್ದದ್ದು ಆ ನೀರು.

"ಇವರೂ ಏಳನೇ ಹಾದಿಯವರಾ?"

"ಹೌದು."

"ನಮಗೂ ಇವರಿಗೂ ಏನು ಸಂಬಂಧ?"

"ನನ್ನ ಕಾಲು," ಎಂದ ಓಲೆಯವನು. ಚಿಲುಮೆಯ ಕಟ್ಟೆಯ ಮೇಲೆ ಕೂತು ಮಂಡಿ ಉಜ್ಜಿಕೊಂಡ. "ಮುಂಚೆ ನಿಮ್ಮ ಓಣಿ ಐದನೇದರಲ್ಲಿತ್ತು. ಹಳ್ಳದ ಸೇತುವೆ ಬಿದ್ದ ಮೇಲೆ ಐದನೆಯವನಿಗೆ ಸುತ್ತಾಯ್ತು. ನಾನು ಹೇಗೂ ಕೆಳಗಿಂದಾನೇ ಹತ್ತೋನು. ನನಗೆ ಹಾಕಿದ್ರು. ಹಾದಿ ಅಂದ್ರೆ ನೆಲ ಅಲ್ಲಮ್ಮ, ನಡಿಗೆ."

"ಅದನ್ನೇ ಬಂದು ಕಟ್ಟೆಯಲ್ಲಿ ಹೇಳ್ತೀರಾ?"

ಅವನು ಚೀಲದ ಬಾಯಿ ಕಟ್ಟಿದ. "ನನ್ನನ್ನ ಯಾರೂ ಕೇಳಿಲ್ಲ. ನಂದು ಮುಟ್ಟಿಸೋ ಕೆಲಸ. ನಾಳೆಯೂ ಇದೇ ಬಾಗಿಲುಗಳಿಗೆ ಬರಬೇಕು, ನೀಲಿಮನೆ ಯಜಮಾನರ ಮನೆಬಾಗಿಲಿಗೂ ಹೋಗಬೇಕು." ಎದ್ದು ಹೊರಟೇಬಿಟ್ಟ.

ಗುಡ್ಡದ ಮೇಲಿಂದ ಊರು ಪೂರ್ತಿ ಕಾಣುತ್ತಿತ್ತು. ನೂಲುವವಳು ನಿಂತು ಕೆಳಗೆ ನೋಡಿದಳು. ನೋಡುತ್ತ ನೋಡುತ್ತ ಅವಳಿಗೆ ಸುಣ್ಣದ ವಾಸನೆ ಬಂದ ಹಾಗಾಯಿತು. ಆ ಹೊಂಗೆಮರ. ಅಲ್ಲಿಂದ ಹಳ್ಳದ ದಂಡೆ. ದಂಡೆಯಿಂದ ನೀಲಿಮನೆಯ ಹಿಂಬದಿಯ ಗೋಡೆ. ಗೋಡೆಯಿಂದ ಗುಡ್ಡದ ಮೊದಲ ಮೆಟ್ಟಿಲು. ಮೆಟ್ಟಿಲಿನಿಂದ ಮತ್ತೆ ಹೊಂಗೆಮರ. ಚಿಕ್ಕವಳಾಗಿದ್ದಾಗ ಅಣ್ಣನ ಹಿಂದೆ ಬುಟ್ಟಿ ಹೊತ್ತು ತಾನೇ ಸುತ್ತಿ ಬಂದಿದ್ದ ಗೆರೆ ಅದು. ಹೊಂಗೆಮರದ ಕಣ. ಅದರ ನಡುಮಧ್ಯದಲ್ಲಿ ತಗ್ಗಿನ ಬಾವಿ. ಕಣದೊಳಗಿನ ಎಲ್ಲ ಮನೆಗಳ ಬಿಂದಿಗೆಯೂ ಆ ಒಂದು ಬಾವಿಗೇ ಇಳಿಯುತ್ತಿತ್ತು.

ಅವಳು ಇಳಿದು ಬಂದು ಆ ಗೆರೆಯನ್ನು ಮನಸ್ಸಿನಲ್ಲೇ ಹಿಡಿದು ನಡೆದಳು. ಒಳಗಿನ ಒಂದೊಂದು ಬಾಗಿಲಿಗೂ ಹೋಗಿ ಹಗ್ಗ ಎಳೆದಳು. ಏಳನೇ ಹಾದಿಯ ಓಣಿ, ಎರಡನೇ ಹಾದಿಯ ತುದಿಯ ಮನೆಗಳು, ಓಲೆಯೇ ಬಾರದ ಕಾರಣ ಯಾವ ಹಾದಿಗೂ ಸೇರದ ಬಯಲಿನ ಗುಡಿಸಲುಗಳು. ಹಗ್ಗ ಎಳೆದಳು, ಸದ್ದಿಲ್ಲ. ಹಗ್ಗ ಎಳೆದಳು, ಸದ್ದಿಲ್ಲ. ಅಲ್ಲೊಂದು ಇಲ್ಲೊಂದು ಗಂಟೆ ಬಿಟ್ಟರೆ ಕಣಕ್ಕೆ ಕಣವೇ ಸುಮ್ಮನಿತ್ತು.

ಆಗ ಅವಳಿಗೆ ಆದದ್ದು ಸಂತೋಷ. ಅದನ್ನು ನೆನೆದು ಆಮೇಲೆ ಎಷ್ಟೋ ವರ್ಷ ಅವಳು ನಾಚಿಕೆಪಟ್ಟಳು. ಅಣ್ಣ ತಪ್ಪಿದ್ದಾನೆ, ಪಾಪ, ಅವಸರದಲ್ಲಿ ತಪ್ಪಿದ್ದಾನೆ, ಹೇಳಿದರೆ ಸರಿಮಾಡುತ್ತಾನೆ ಎಂದುಕೊಂಡು ಅವಳು ಅಣ್ಣನ ಮನೆಗೆ ಓಡಿದಳು.

"ಅಣ್ಣ, ನಾವು ತಪ್ಪು ಜಾಗ ಹೇಳಿಬಿಟ್ಟೆವು. ಅದು ಹಾದಿಯ ದುಃಖ ಅಲ್ಲ, ಕಣದ್ದು. ಹೊಂಗೆಮರದ ಕಣ. ನೀನೇ ಎಳೆದದ್ದು, ಜ್ಞಾಪಕ ಬಂತಾ? ಬಾವಿ ಅಣ್ಣ. ಬಾವಿಯಲ್ಲೇ ಏನೋ ಆಗಿದೆ."

ಅವನು ಊಟಕ್ಕೆ ಕೂತಿದ್ದ. ಕೈ ತಟ್ಟೆಯಲ್ಲೇ ನಿಂತಿತು.

"ಜಾಗದ ಹೆಸರು ತಪ್ಪಿದ್ರೆ ಎಣಿಸೋನು ಮತ್ತೆ ಎಣಿಸಬಹುದು ಅಂತ ನಿಯಮದಲ್ಲೇ ಇದೆಯಲ್ಲ? ನೀನೇ ಹೇಳಿದ್ದೆ ಒಂದು ಸಲ."

"ಇದೆ," ಎಂದ. "ನಾಳೆ ಬರ್ತೀನಿ. ನಿನ್ನ ಮನೆಯಿಂದಲೇ ಶುರುಮಾಡ್ತೀನಿ."

ಅವಳು ರೊಟ್ಟಿಯವಳ ಬಾಗಿಲು ತಟ್ಟಿ ಹೇಳಿದಳು. ಓಣಿಗೆಲ್ಲ ಹೇಳಿದಳು. ನಾಳೆ ನನ್ನಣ್ಣ ಬರ್ತಾನೆ, ಕಣ ಎಣಿಸ್ತಾನೆ. ಹೆಂಗಸರು ಒಗೆದ ಸೀರೆ ಉಟ್ಟು ಹೊಸ್ತಿಲು ಸಾರಿಸಿ ಕಾದರು.

ಅವನು ಬಂದ. ಈ ಸಲ ಕೈಯಲ್ಲಿ ಎಳನೀರು ಇರಲಿಲ್ಲ, ಸುಣ್ಣದ ಬುಟ್ಟಿ ಇತ್ತು. ಕಣದ ಎಣಿಕೆಗೆ ಒಂದು ಶಾಸ್ತ್ರವಿತ್ತು. ಎಣಿಸುವವನು ಮನೆಯಾಕೆ ಕೊಟ್ಟ ನೀರು ಕುಡಿದ ಮೇಲೇ ಆ ಮನೆಯ ಲೆಕ್ಕ ಹಿಡಿಯಬೇಕು. ನೀರು ಕುಡಿಯದೆ ಹಿಡಿದ ಲೆಕ್ಕ ಲೆಕ್ಕವಲ್ಲ. ನೂಲುವವಳು ತಂಬಿಗೆ ತೊಳೆದು, ತಗ್ಗಿನ ಬಾವಿಯಿಂದ ಆಗಷ್ಟೇ ಸೇದಿದ ನೀರು ತುಂಬಿ ತಂದು ಕೊಟ್ಟಳು.

ಅವನು ತಂಬಿಗೆ ಎತ್ತಿದ. ತುಟಿಗೆ ತಾಗಿಸಿದ. ಇಳಿಸಿದ. ಉಳಿದದ್ದನ್ನು ಜಗುಲಿಯ ಪಕ್ಕದ ದಾಸವಾಳದ ಬುಡಕ್ಕೆ ಚೆಲ್ಲಿ, ಮೇಲಿನ ತುಟಿ ಒರೆಸಿಕೊಂಡ.

"ಕುಡಿ ಅಣ್ಣ," ಎಂದಳು ಅವಳು.

"ಕುಡಿದೆನಲ್ಲ."

"ನಿನ್ನ ಗಂಟಲು ಅಲುಗಲಿಲ್ಲ."

ಓಣಿ ನೋಡುತ್ತಿತ್ತು. ಅವನು ದಾಸವಾಳದ ಕಡೆ ನೋಡುತ್ತಿದ್ದ. ಅವಳು ಒಳಗೆ ಹೋಗಿ ತಂಬಿಗೆ ಮತ್ತೆ ತುಂಬಿಕೊಂಡು ಬಂದು ಅವನ ಮುಂದೆ ಹಿಡಿದಳು. ಅವನ ಕೈ ಮೇಲೆ ಬರಲಿಲ್ಲ. ಆ ಬರದ ಕೈಯನ್ನು ನೋಡುತ್ತ ನಿಂತವಳಿಗೆ ಒಂದೊಂದೇ ಎಳನೀರು ಜ್ಞಾಪಕಕ್ಕೆ ಬಂತು. ಕೆತ್ತಿದ ಒಂದೊಂದು ಬುರುಡೆ. ಹೊಟ್ಟೆ ತುಂಬಿತು ಎಂದ ಒಂದೊಂದು ಮಾತು.

"ಯಾವಾಗಿಂದ ಗೊತ್ತು?"

"ನೀಲಿಮನೆ ನಿಂತ್ರೆ ಊರು ಏನು ತಿನ್ನುತ್ತೆ, ಯೋಚನೆ ಮಾಡು. ಬಣ್ಣದ ನೀರು ಬಾವಿಗೆ ಇಳಿಯದ ಹಾಗೆ ಗುಂಡಿಗಳಿಗೆ ಕಲ್ಲು ಕಟ್ಟಿಸ್ತೀವಿ ಅಂತ ಹಿರಿಯರು ಮಾತು ಕೊಟ್ಟಿದಾರೆ, ನಿಧಾನವಾಗಿ..."

"ನಾನು ಕೇಳಿದ್ದು ಅದಲ್ಲ. ಯಾವಾಗಿಂದ ಗೊತ್ತು?"

"ರೊಟ್ಟಿಯವಳ ಮೊದಲನೇ ಮೊಮ್ಮಗನಿಗೆ ಹಾಗಾದಾಗ ಅನುಮಾನ ಬಂತು."

"ಆಗ ನನ್ನ ಮಗಳು ಹಾಡ್ತಿದ್ದಳು."

"ಹೌದು."

"ಅವಳಿಗೆ ಎಳನೀರು ತಂದೆ. ನನಗೆ ಒಂದು ಮಾತು ತರಲಿಲ್ಲ."

"ನಿನಗೆ ಹೇಳಿದ್ರೆ ನೀನು ಓಣಿಗೆ ಹೇಳ್ತಿದ್ದೆ." ಅವನ ದನಿ ಸಣ್ಣದಾಯಿತು. "ನಾನು ಸುಳ್ಳು ಹೇಳಲಿಲ್ಲ ಕಣೇ. ನಾನು ಹೇಳಿದ ಲೆಕ್ಕ ಒಂದೊಂದೂ ಸರಿ. ಬೇಕಾದ್ರೆ ನೀನೇ ಹೋಗಿ ಎಣಿಸು. ಏಳನೇ ಹಾದಿ ಅಂದೋಳು ನೀನು. ನಿನ್ನ ಬಾಯಿಂದಲೇ ಬಂದದ್ದು."

"ನನ್ನ ಬಾಯಿಗೆ ಹಾಕಿದ್ದು ಯಾರು?"

ಅವನು ಬುಟ್ಟಿ ಎತ್ತಿಕೊಂಡ. ನೀರು ಕುಡಿಯದವನು ಎಣಿಸುವಂತಿರಲಿಲ್ಲ. ಸಾರಿಸಿದ ಹೊಸ್ತಿಲುಗಳ ಮುಂದೆ, ಒಗೆದ ಸೀರೆಗಳ ಮುಂದೆ, ಎಣಿಸದೆ ನಡೆದು ಹೋದ. ಯಾರೂ ಅವನನ್ನು ತಡೆಯಲಿಲ್ಲ. ಬೈಯಲೂ ಇಲ್ಲ. ಮಕ್ಕಳು ಮಾತ್ರ ಸ್ವಲ್ಪ ದೂರ ಅವನ ಹಿಂದೆ ಓಡಿದವು, ಸದ್ದಿಲ್ಲದೆ.

ನೂಲುವವಳು ಓಣಿಯ ನಡುವೆ ನಿಂತು ಹೇಳಿದಳು: "ಬಾವಿ ನೀರು ಅದು. ಅವನಿಗೆ ಗೊತ್ತಿತ್ತು. ನಾನು ನಿಮಗೆಲ್ಲ ಅವನನ್ನ ನಂಬಿ ಅಂದೆ."

ರೊಟ್ಟಿಯವಳು ಅವಳನ್ನು ದಿಟ್ಟಿಸಿದಳು. ಏನಾದರೂ ಅನ್ನುತ್ತಾಳೆ, ಅಂದುಬಿಡಲಿ ಎಂದು ನೂಲುವವಳು ಕಾದಳು. ರೊಟ್ಟಿಯವಳು ತನ್ನ ಮನೆಯ ರೊಟ್ಟಿ ತಟ್ಟುವ ಕಲ್ಲನ್ನು ಎತ್ತಿ ತಂದಳು. ಬಾವಿಯ ಹತ್ತಿರ ಹೋಗಿ ಒಳಗೆ ಹಾಕಿದಳು. ಕಲ್ಲು ನೀರಿಗೆ ಬಿದ್ದ ಸದ್ದು ಓಣಿಯಲ್ಲಿ ಬಹಳ ದಿನಗಳಿಂದ ಕೇಳಿದ ಸದ್ದುಗಳಲ್ಲೆಲ್ಲ ದೊಡ್ಡದು. ಆಮೇಲೆ ಒಬ್ಬೊಬ್ಬರೂ ತಂದರು. ಒರಳು ತಂದರು, ಬೀಸುವ ಕಲ್ಲು ತಂದರು, ಹೊಸ್ತಿಲಿನ ಮೆಟ್ಟುಗಲ್ಲು ಕಿತ್ತು ತಂದರು. ಕಲ್ಲು ಮುಗಿದ ಮೇಲೆ ಬುಟ್ಟಿಯಲ್ಲಿ ಮಣ್ಣು ಹೊತ್ತರು. ಬಾವಿ ನೆಲಸಮವಾದಾಗ ಅವರ ಮನೆಗಳಲ್ಲಿ ಅರೆಯಲು ಕುಟ್ಟಲು ಏನೂ ಉಳಿದಿರಲಿಲ್ಲ.

ಹಿರಿಯನ ಆಳು ಬಂದು ಕೇಳಿದ, "ಊರಿನ ಬಾವಿ ಮುಚ್ಚಿದೋರು ಯಾವ ಜಾಗದೋರು?"

ಯಾರೂ ಹೇಳಲಿಲ್ಲ. ಆ ಓಣಿಯವರು ಅಂದಿನಿಂದ ಯಾರಿಗೂ ತಮ್ಮ ಜಾಗ ಹೇಳಲಿಲ್ಲ. ಕೇಳಿದರೆ ಸುಮ್ಮನಿರುತ್ತಿದ್ದರು. ಜಾಗ ಗೊತ್ತಿಲ್ಲದವರಿಗೆ ದಂಡ ಹಾಕುವುದು ಹೇಗೆಂದು ನಿಯಮದಲ್ಲಿ ಬರೆದಿರಲಿಲ್ಲ. ಹಿರಿಯ ಸುಮ್ಮನಾದ. ನೀಲಿಮನೆ ನಡೆಯುತ್ತಲೇ ಇತ್ತು.

ನೀರಿಗೆ ಅವರು ಗುಡ್ಡ ಹತ್ತಿದರು. ಮೊದಲ ದಿನ ಚಿಲುಮೆಯ ಹತ್ತಿರ ಗುಡ್ಡದ ಹೆಂಗಸರು ಅಡ್ಡ ನಿಂತರು. ಅವರಲ್ಲೊಬ್ಬಳು, ಹಾಲು ಮಾರುವವಳು, ಕೇಳಿದಳು.

"ನಿಮಗೆ ಕೆಳಗೆ ಬಾವಿ ಇಲ್ವಾ?"

ನೂಲುವವಳು ನಡೆದದ್ದನ್ನೆಲ್ಲ ಹೇಳಿದಳು. ಏಳನೇ ಹಾದಿ ಎಂದದ್ದು, ಕಾಲು ಭಾಗ ಎಂದದ್ದು, ಎಲ್ಲ. ಹಾಲಿನವಳು ಕೇಳುತ್ತ ಕೇಳುತ್ತ ತಲೆಯ ಮೇಲಿನ ಬಿಂದಿಗೆ ಇಳಿಸಿದಳು.

"ಅವತ್ತು ಎಣಿಸೋನು ನಮ್ಮ ಮನೆಗೆ ಬಂದಿದ್ದ. ನನ್ನ ಮಗ ಗಂಟೆ ಬಾರಿಸಿ ತೋರಿಸಿದ, ಕುಣಿದಾಡ್ಕೊಂಡು. ನಮಗೇನು ಗೊತ್ತು? ನಮ್ಮ ಮಕ್ಕಳನ್ನ ನಿಮ್ಮ ಮಕ್ಕಳ ಮೇಲೆ ಹಾಕಿ ಮುಚ್ಚಿದ್ದು ಅಂತ." ಅವಳು ಪಕ್ಕಕ್ಕೆ ಸರಿದಳು. "ಮೊದಲು ನೀವು ಹಿಡೀರಿ."

ಆಮೇಲೆ ಹುಟ್ಟಿದ ಮಕ್ಕಳಿಗೆ ದನಿ ಇತ್ತು. ಆ ಮಕ್ಕಳು ಅತ್ತಾಗ ಓಣಿಯವರೆಲ್ಲ ಕೆಲಸ ಬಿಟ್ಟು ಕೇಳುತ್ತ ಕೂರುತ್ತಿದ್ದರು. ಹೋದ ದನಿಗಳು ಮಾತ್ರ ತಿರುಗಿ ಬರಲಿಲ್ಲ.

ಮುಂದಿನ ದೊಡ್ಡ ಎಣಿಕೆಗೆ ಬೇರೆ ಎಣಿಸುವವನು ಬಂದ. ಹೊಂಗೆಮರದ ಕಣವನ್ನು ನಡುವೆ ಸೀಳಿ ಒಂದು ಅರ್ಧವನ್ನು ಆಚೆಯ ಕಣಕ್ಕೂ ಒಂದು ಅರ್ಧವನ್ನು ಈಚೆಯ ಕಣಕ್ಕೂ ಸೇರಿಸಿದ. ಹಳೆಯ ಎಣಿಸುವವನು ಬುಟ್ಟಿ ಇಳಿಸಿದ್ದ. ಹಿರಿಯನ ಕಟ್ಟೆಯ ಪಕ್ಕದಲ್ಲೇ ಅವನಿಗೊಂದು ಮನೆ ಕೊಟ್ಟಿದ್ದರು. ಅವನು ಅಲ್ಲಿ ಒಬ್ಬನೇ ಇದ್ದ.

ನೂಲುವವಳ ಮಗಳು ಉದ್ದ ಜಡೆಯ ಹುಡುಗಿಯಾದಳು. ಅಮ್ಮನ ಜೊತೆ ನೂಲುತ್ತಿದ್ದಳು, ಗುಡ್ಡ ಹತ್ತಿ ನೀರು ತರುತ್ತಿದ್ದಳು. ಮಾವ ಯಾಕೆ ಬರುವುದಿಲ್ಲ ಎಂದು ಕೈಯಲ್ಲಿ ಕೇಳುತ್ತಿದ್ದಳು. ಎಳನೀರು ಕೆತ್ತುವ ಹಾಗೆ ಕೈ ಮಾಡಿದರೆ ಅದು ಮಾವ. ನೂಲುವವಳು ಅವಳಿಗೆ ಹೇಳಿರಲಿಲ್ಲ. ಎಷ್ಟೋ ಸಲ ಹೇಳಲು ಕೂತಳು. ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಕುಡಿಸಿದವನಿಗೆ ಗೊತ್ತಿತ್ತು ಎನ್ನುವ ಮಾತನ್ನು ಹೇಗೆ ಹೇಳುವುದೆಂದು ಅವಳಿಗೆ ತಿಳಿಯಲಿಲ್ಲ.

ಒಂದು ಸಂಜೆ ಅವನು ಬಂದ. ಬರಿಗೈಯಲ್ಲಿ ಬಂದಿದ್ದ. ಬೆನ್ನು ಬಾಗಿತ್ತು. ಓಣಿಯ ಹೆಂಗಸರು ಅವನನ್ನು ಕಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಹುಡುಗಿ ಜಗುಲಿಯಿಂದ ನೋಡಿದಳು. ಕದಿರು ಬಿಸಾಡಿ ಓಡಿದಳು. ಅವನ ಕೈ ಹಿಡಿದುಕೊಂಡು ಮನೆಯ ಕಡೆಗೆ ಎಳೆದಳು. ಅವಳ ಬಾಯಿ ತೆರೆದಿತ್ತು, ಮುಖವೆಲ್ಲ ನಗುತ್ತಿತ್ತು.

ನೂಲುವವಳು ಹೊಸ್ತಿಲಿಗೆ ಬಂದು ನಿಂತಳು.

"ನಿನ್ನ ಬಾಗಿಲಿಗೆ ಬಂದಿದೀನಿ," ಎಂದ ಅವನು. "ಬೈಯೋದಾದ್ರೆ ಬೈದುಬಿಡು. ಒಂದು ಮಾತಾಡು."

ಅವಳು ಅವನನ್ನು ನೋಡಿದಳು. ತಲೆ ಬಾಚಿದ ಕೈ. ಕಾಲು ತೊಳೆದ ಕೈ.

"ಯಾರು ಬೇಕಾಗಿತ್ತು ನಿಮಗೆ?" ಎಂದಳು.

ನಿಮಗೆ ಎಂದು ಅವಳು ಅವನನ್ನು ಜನ್ಮದಲ್ಲಿ ಕರೆದಿರಲಿಲ್ಲ. ಅವನು ಅದನ್ನು ಕೇಳಿಸಿಕೊಂಡ.

"ಮನೆ ತಪ್ಪಿ ಬಂದಿದೀರಿ," ಎಂದಳು ಅವಳು. "ಕತ್ತಲಾಗೋಕೆ ಮುಂಚೆ ಹೊರಡಿ."

ಅವನು ತಲೆಯಾಡಿಸಿದ. ತನ್ನ ಕೈ ಸುತ್ತಿದ್ದ ಹುಡುಗಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಅವಳು ಮತ್ತೆ ಹಿಡಿದಳು. ಅವನು ಮತ್ತೆ ಬಿಡಿಸಿದ. ಆಮೇಲೆ ತಿರುಗಿ, ಗೋಡೆ ಹಿಡಿದುಕೊಂಡು ಓಣಿಯ ಉದ್ದಕ್ಕೂ ನಡೆದು ಹೋದ.

ಹುಡುಗಿ ಅವನು ಮರೆಯಾಗುವ ತನಕ ನೋಡಿದಳು. ಆಮೇಲೆ ತಿರುಗಿ ಅಮ್ಮನನ್ನು ನೋಡಿದಳು. ಏನಾಯಿತು, ನೀನು ಏನಂದೆ ಎಂದು ಕೈಯೆತ್ತಿ ಕೇಳಲೂ ಇಲ್ಲ. ಬಂದು ಜಗುಲಿಯ ತುದಿಯಲ್ಲಿ ಅಮ್ಮನಿಗೆ ಬೆನ್ನು ಹಾಕಿ ಕೂತಳು.

ನೂಲುವವಳು ಹೋಗಿ ಪಕ್ಕದಲ್ಲಿ ಕೂತಳು. ಹುಡುಗಿ ಒಂದಿಷ್ಟು ಆಚೆಗೆ ಸರಿದಳು. ಅವಳು ಕೈ ಚಾಚಿದಳು. ಮಗಳು ಕೈ ಕೊಡಲಿಲ್ಲ.